ಸಿಟ್ಟು ನುಂಗಿಕೊಳ್ಳೋದಾ, ಹೊರಗೆ ಹಾಕೋದಾ? ಸಂಶೋಧನೆ ಓದಿದವರಿದ್ರೆ ಹೇಳಿ

ಕೌಂಟರ್_ನಂ_3
ದಾವಣಗೆರೆ. ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಲ್ಲಿ ಆರು ವರ್ಷದಿಂದ ಇದ್ದೀನಿ. ರೇಟ್ ಇಟ್ಟಿದ್ದು ನಾನಲ್ಲ, ಟೆಸ್ಟ್ ಬರೆದಿದ್ದು ನಾನಲ್ಲ. ಬೈಗುಳ ಮಾತ್ರ ನನ್ನ ಕಿಟಕಿಗೇ ಬರುತ್ತೆ. ಕಳೆದ ಗುರುವಾರ ಒಬ್ಬರು ಡಿಸ್ಚಾರ್ಜ್ ಫೈಲನ್ನ ಕಿಟಕಿಯೊಳಗೆ ಎಸೆದರು, ನನ್ನ ಕೆನ್ನೆಗೆ ತಾಗಿತು. ನಾನು ನಗುತ್ತಾ "ಸಾರ್, ಚೆಕ್ ಮಾಡಿ ಹೇಳ್ತೀನಿ" ಅಂದೆ. ಆ ನಗು ಹೇಗೆ ಬಂತೋ ನನಗೇ ಗೊತ್ತಿಲ್ಲ, ಅಭ್ಯಾಸ.

ಮನೆಗೆ ಬಂದರೆ ಮಗ ನೀರಿನ ಬಾಟಲಿ ಕಳಕೊಂಡು ಬಂದಿದ್ದ. ಈ ವರ್ಷ ಮೂರನೇದು. ನಾನು ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಟಿವಿ ಸೌಂಡ್ ಕಮ್ಮಿ ಮಾಡಿದರು. ಮಗನಿಗೆ ಎಂಟು ವರ್ಷ. ಹೋಗಿ ಬಚ್ಚಲಲ್ಲಿ ನಿಂತುಕೊಂಡ.

ಅತ್ತೆ ಹೇಳ್ತಾರೆ, "ನಾವೆಲ್ಲ ನುಂಗ್ಕೊಂಡೇ ಸಂಸಾರ ಮಾಡಿದ್ದು." ಜೊತೆ ಕೆಲಸ ಮಾಡೋಳು ಹೇಳ್ತಾಳೆ, "ಒಳಗಿಟ್ಕೊಂಡ್ರೆ ಕ್ಯಾನ್ಸರ್ ಬರುತ್ತೆ, ಕಕ್ಕಿಬಿಡು." ಯಾವುದು ಸರಿ? ಇದರ ಬಗ್ಗೆ ನಿಜವಾಗ್ಲೂ ಯಾರಾದ್ರೂ ಪರೀಕ್ಷೆ ಮಾಡಿ ನೋಡಿದಾರಾ?

ಜಿಮ್_ಬಸ್ಯಾ
ಅಕ್ಕ, ಪಂಚಿಂಗ್ ಬ್ಯಾಗ್. ದಿನಾ ಹತ್ತು ನಿಮಿಷ ಆ ಫೈಲ್ ಎಸೆದವನ ಮುಖ ನೆನೆಸಿಕೊಂಡು ಗುದ್ದಿ. ಮನಸ್ಸು ಹಗುರ ಆಗುತ್ತೆ. ಸ್ವಂತ ಅನುಭವ.

ಅರೆಮನಶ್ಶಾಸ್ತ್ರಿ
ಬಸ್ಯಾ, ನೀನು ಹೇಳಿದ್ದನ್ನೇ ಒಬ್ಬರು ಮಾಡಿಸಿ ನೋಡಿದ್ದಾರೆ ಮಹಾರಾಯ. ಬ್ರ್ಯಾಡ್ ಬುಶ್ಮನ್ ಅಂತ ಅಮೆರಿಕದ ಸಂಶೋಧಕ, 2002ರಲ್ಲಿ. 600 ವಿದ್ಯಾರ್ಥಿಗಳ ಕೈಲಿ ಪ್ರಬಂಧ ಬರೆಸಿ, ಅದನ್ನು ಬೇಕಂತಲೇ ಕೆಟ್ಟದಾಗಿ ಟೀಕಿಸಿ ಸಿಟ್ಟು ಬರಿಸಿದರು. ಆಮೇಲೆ ಕೆಲವರಿಗೆ ಟೀಕಿಸಿದವನನ್ನು ನೆನೆಸಿಕೊಂಡು ಬ್ಯಾಗ್ ಗುದ್ದಿ ಅಂದರು, ಕೆಲವರಿಗೆ ಮೈಗಟ್ಟಿಯಾಗುವುದನ್ನು ನೆನೆಸಿಕೊಂಡು ಗುದ್ದಿ ಅಂದರು, ಉಳಿದವರನ್ನು ಸುಮ್ಮನೆ ಕೂರಿಸಿದರು. ಮುಖ ನೆನೆಸಿಕೊಂಡು ಗುದ್ದಿದವರ ಸಿಟ್ಟೇ ಎಲ್ಲರಿಗಿಂತ ಹೆಚ್ಚಿತ್ತು. ಆಮೇಲೆ ಎದುರಾಳಿಯ ಕಿವಿಗೆ ಕರ್ಕಶ ಸದ್ದು ಕೇಳಿಸುವ ಅವಕಾಶ ಕೊಟ್ಟಾಗ ಜಾಸ್ತಿ ಕೇಳಿಸಿದವರೂ ಅವರೇ. ಸುಮ್ಮನೆ ಕೂತವರೇ ವಾಸಿ.

2024ರಲ್ಲಿ ಅದೇ ಬುಶ್ಮನ್ ಮತ್ತು ಸೋಫಿ ಷಾರ್ವಿಕ್ ಸೇರಿ 154 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಮೈ ಬಿಸಿ ಮಾಡುವ ಚಟುವಟಿಕೆಗಳಿಂದ ಸಿಟ್ಟು ಒಟ್ಟಾರೆ ಇಳಿಯಲಿಲ್ಲ. ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವುದು ಇಂಥವುಗಳಿಂದ ಇಳಿಯಿತು. ಜಾಗಿಂಗ್‌ನಿಂದ ಏರಿತು! ಆರೋಗ್ಯಕ್ಕೆ ಓಡು, ಗುದ್ದು, ಬೇಡ ಅನ್ನಲ್ಲ. ಸಿಟ್ಟಿಗೆ ಅದು ಮದ್ದಲ್ಲ ಅಷ್ಟೆ.

ಜಿಮ್_ಬಸ್ಯಾ
ಛೇ. ಆರು ಸಾವಿರ ಕೊಟ್ಟು ತಂದಿದ್ದೀನಿ.

ಅರೆಮನಶ್ಶಾಸ್ತ್ರಿ
ಈಗ ಅಕ್ಕನ ಪ್ರಶ್ನೆಗೆ ಬರ್ತೀನಿ. ಕ್ಲಿನಿಕಲ್ ಸೈಕಾಲಜಿ ಓದಿ ಶಿವಮೊಗ್ಗದಲ್ಲಿ ಕೆಲಸ ಮಾಡ್ತಿದ್ದೀನಿ. ಕ್ಯಾನ್ಸರ್ ಮಾತು ಬಿಟ್ಟುಬಿಡಿ, ಗಟ್ಟಿ ಪುರಾವೆ ಇಲ್ಲದ ಹೆದರಿಕೆ ಅದು.

ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಗ್ರಾಸ್ 1998ರಲ್ಲಿ ಒಂದು ಚೌಕಟ್ಟು ಕೊಟ್ಟ. ಭಾವನೆ ಒಮ್ಮೆಲೇ ಸಿಡಿಯುವುದಿಲ್ಲ, ಹಂತಹಂತವಾಗಿ ಕಟ್ಟಿಕೊಳ್ಳುತ್ತದೆ, ಪ್ರತಿ ಹಂತದಲ್ಲೂ ಕೈ ಹಾಕಬಹುದು ಅಂತ. ನಿಮ್ಮ ಕೌಂಟರಿಗೇ ಹಚ್ಚಿ ನೋಡೋಣ. ಆ ಕಿಟಕಿಯಲ್ಲಿ ಕೂರದೇ ಇರುವುದು ಮೊದಲನೇದು. ಕೂತರೂ ಪರಿಸ್ಥಿತಿಯನ್ನು ಬದಲಾಯಿಸುವುದು ಎರಡನೇದು, ಅಂದರೆ ಬಿಲ್ ಎಷ್ಟಾಗುತ್ತೆ ಅಂತ ರೋಗಿಯ ಕಡೆಯವರಿಗೆ ಮುಂಚೆಯೇ ತಿಳಿಸುವ ವ್ಯವಸ್ಥೆ ಮಾಡಿಸುವುದು. ಬೈಯುವವನ ಬಾಯಿಯಿಂದ ಗಮನ ಕಿತ್ತು ಬಿಲ್ಲಿನ ಸಾಲುಗಳ ಮೇಲಿಡುವುದು ಮೂರನೇದು. "ಇವನು ನನ್ನನ್ನ ಬೈತಿಲ್ಲ, ಅಪ್ಪ ಐಸಿಯುನಲ್ಲಿದ್ದಾರೆ ಅಂತ ಕಂಗಾಲಾಗಿದ್ದಾನೆ" ಅಂತ ಅರ್ಥವನ್ನೇ ಬದಲಿಸಿಕೊಳ್ಳುವುದು ನಾಲ್ಕನೇದು. ಸಿಟ್ಟು ಪೂರ್ತಿ ಬಂದಾದ ಮೇಲೆ ಮುಖವನ್ನಷ್ಟೇ ಹಿಡಿದಿಟ್ಟುಕೊಳ್ಳುವುದು ಕೊನೇದು. ನೀವು ಆರು ವರ್ಷದಿಂದ ಮಾಡ್ತಿರೋದು ಈ ಕೊನೇದನ್ನ.

ಅದೇ ವರ್ಷದ ಗ್ರಾಸನ ಪ್ರಯೋಗ ಹೀಗಿತ್ತು. 120 ವಿದ್ಯಾರ್ಥಿಗಳಿಗೆ ಸುಟ್ಟಗಾಯದ ಚಿಕಿತ್ಸೆ, ತೋಳು ಕತ್ತರಿಸುವ ಶಸ್ತ್ರಚಿಕಿತ್ಸೆಯ ತುಣುಕು ತೋರಿಸಿದರು. ಒಂದು ಗುಂಪಿಗೆ "ತಾಂತ್ರಿಕವಾಗಿ ನೋಡಿ, ನಿರ್ಲಿಪ್ತರಾಗಿರಿ", ಇನ್ನೊಂದಕ್ಕೆ "ಏನನಿಸಿದರೂ ಮುಖದಲ್ಲಿ ತೋರಿಸಬೇಡಿ", ಮತ್ತೊಂದಕ್ಕೆ "ಸುಮ್ಮನೆ ನೋಡಿ" ಅಂದರು. ಮೊದಲಿನ ಎರಡೂ ಗುಂಪಿನ ಮುಖ ಹೊರಗಿಂದ ಶಾಂತ. ಒಳಗೆ ಅಜಗಜಾಂತರ. ನಿರ್ಲಿಪ್ತವಾಗಿ ನೋಡಿದವರಿಗೆ ಹೇಸಿಗೆಯೇ ಕಮ್ಮಿ ಆಯಿತು. ಮುಖ ಬಿಗಿಹಿಡಿದವರಿಗೆ ಹೇಸಿಗೆ ಕಮ್ಮಿ ಆಗಲಿಲ್ಲ, ಮೇಲಿಂದ ದೇಹದ ಉದ್ವೇಗ ಏರಿತು.

2003ರಲ್ಲಿ ಎಮಿಲಿ ಬಟ್ಲರ್ ತಂಡದ್ದು ನನಗೆ ಇನ್ನೂ ಇಷ್ಟ. ಪರಸ್ಪರ ಪರಿಚಯವಿಲ್ಲದ ಹೆಂಗಸರನ್ನು ಜೋಡಿ ಮಾಡಿ, ಮನ ಕಲಕುವ ವಿಷಯವೊಂದರ ಬಗ್ಗೆ ಮಾತಾಡಿಸಿದರು. ಕೆಲವು ಜೋಡಿಗಳಲ್ಲಿ ಒಬ್ಬಳಿಗೆ ಮಾತ್ರ ಗುಟ್ಟಾಗಿ "ಭಾವನೆ ತೋರಿಸಬೇಡ" ಅಂತ ಹೇಳಿದ್ದರು. ಎದುರು ಕೂತವಳಿಗೆ ಇದೇನೂ ಗೊತ್ತಿಲ್ಲ. ಆದರೂ ಅವಳ ರಕ್ತದೊತ್ತಡ ಏರಿತು! ಮಾತು ಬೆಳೆಯಲಿಲ್ಲ, ಸ್ನೇಹವೂ ಹುಟ್ಟಲಿಲ್ಲ. ನಾವು ಮುಚ್ಚಿಟ್ಟದ್ದನ್ನು ಎದುರಿಗಿದ್ದವರ ಮೈ ಓದುತ್ತೆ.

ಧಾರವಾಡ_ಫೇಡಾ
ನಮಸ್ಕಾರ್ರೀ. ಮೂವತ್ತೆರಡು ವರ್ಷ ಪ್ರಾಥಮಿಕ ಸಾಲ್ಯಾಗ ಕಲಿಸಿ ನಿವೃತ್ತಿ ಆಗೀನಿ. ಒಂದು ಸಂಶೇ ಐತಿ. ಈ ಸ್ಟ್ಯಾನ್‌ಫರ್ಡ್ ಹುಡುಗ್ರ ಮ್ಯಾಲಿನ ಲೆಕ್ಕ ನಮ್ಮ ಮಂದಿಗೆ ಹೆಂಗ ಹೊಂದತೈತ್ರಿ? ಅಲ್ಲೆ ಮನಸಿನ್ಯಾಗಿದ್ದದ್ದು ಮುಖದ ಮ್ಯಾಲ ತೋರಸೂದ ದೊಡ್ಡ ಗುಣ. ನಮ್ಮಲ್ಲೆ ಹಿರೇರ ಮುಂದ ಸಿಟ್ಟು ತೋರಿಸಿದ್ರ "ಮನೀ ಸಂಸ್ಕಾರ ಇಲ್ಲ" ಅಂತಾರ. ನಾ ಲಗ್ನಾಗಿ ಹದಿನಾರು ಮಂದಿ ಮನ್ಯಾಗ ಹೊಕ್ಕಾಕಿ. ಎಲ್ಲಾ ತೋರಿಸಿಕೋತ ಕುಂತಿದ್ರ ಆ ಮನೀ ಒಂದು ವಾರ ಉಳೀತಿದ್ದಿಲ್ಲ.

ಮತ್ತ ಇನ್ನೊಂದು. ನಮ್ಮ ಮಾತಿನ್ಯಾಗ "ನುಂಗಿಕೊಳ್ಳೂದು" ಬ್ಯಾರೆ, "ಹೊಟ್ಟ್ಯಾಗ ಹಾಕ್ಕೊಳ್ಳೂದು" ಬ್ಯಾರೆ. ನುಂಗಿದ್ದು ಗಂಟಲಾಗ ಕುಂದರತೈತಿ. ಹೊಟ್ಟ್ಯಾಗ ಹಾಕ್ಕೊಂಡದ್ದು ಅರಗತೈತಿ. "ಸಣ್ಣಾಂವ, ತಪ್ಪು ಹೊಟ್ಟ್ಯಾಗ ಹಾಕ್ಕೊ" ಅಂತೀವಲ್ಲ, ಅದು ಮುಖ ಬಿಗಿಹಿಡಿಯೂದಲ್ಲ, ನೋಡೂ ನೋಟಾನ ಬದಲಿ ಮಾಡ್ಕೊಳ್ಳೂದು. ನಿಮ್ಮ ಅತ್ತಿ ಯಾವುದನ್ನ ಮಾಡ್ತಿದ್ರು ಅಂತ ಕೇಳ್ರಿ ಒಮ್ಮೆ.

ಅರೆಮನಶ್ಶಾಸ್ತ್ರಿ
ಟೀಚರ್, ಆ ಎರಡು ಮಾತಿನ ವ್ಯತ್ಯಾಸವನ್ನ ನನ್ನ ಪಾಠದಲ್ಲಿ ಕದ್ದು ಬಳಸಿಕೊಳ್ತೀನಿ, ಕ್ಷಮಿಸಿ. ನಾಲ್ಕನೇದಕ್ಕೂ ಕೊನೇದಕ್ಕೂ ಇರುವ ಫರಕು ಅದೇ.

ನಿಮ್ಮ ಸಂಶಯ ನೂರಕ್ಕೆ ನೂರು ನ್ಯಾಯ. ಅದೇ ಬಟ್ಲರ್ 2007ರಲ್ಲಿ ಮತ್ತೆ ನೋಡಿದಾಗ, ಏಷ್ಯಾ ಮೂಲದ ಮೌಲ್ಯಗಳನ್ನು ಇಟ್ಟುಕೊಂಡ ಹೆಂಗಸರಲ್ಲಿ ಮುಖ ಹಿಡಿದಿಟ್ಟುಕೊಳ್ಳುವುದರ ಕೆಟ್ಟ ಪರಿಣಾಮ ಬಹಳ ಕಮ್ಮಿ ಇತ್ತು. 2011ರಲ್ಲಿ ಹೋಸೆ ಸೋಟೊ ಮತ್ತು ಸಂಗಡಿಗರು ಯುರೋಪ್ ಮೂಲದ ಅಮೆರಿಕನ್ನರನ್ನೂ ಹಾಂಗ್‌ಕಾಂಗ್‌ನ ಚೀನೀಯರನ್ನೂ ಹೋಲಿಸಿದರು. ಅಮೆರಿಕನ್ನರಲ್ಲಿ ಅದುಮಿಡುವ ಅಭ್ಯಾಸ ಇದ್ದಲ್ಲಿ ಕುಗ್ಗಿದ ಮನಸ್ಸು ಕಂಡಿತು, ಹಾಂಗ್‌ಕಾಂಗ್‌ನವರಲ್ಲಿ ಆ ನಂಟು ಕಾಣಲಿಲ್ಲ. ಪ್ರೀತಿಗೋ ಗೌರವಕ್ಕೋ ತಾನಾಗಿ ತಡೆದುಕೊಂಡದ್ದು ಬೇರೆ, ಹೆದರಿ ಬಾಯಿ ಮುಚ್ಚಿಕೊಂಡದ್ದು ಬೇರೆ ಅಂತ ನನ್ನ ಅನಿಸಿಕೆ. ಅಕ್ಕನ ಕೌಂಟರ್ ನಗು ಎರಡನೇ ಜಾತಿಯದ್ದು, ಅದು ಸಂಬಳಕ್ಕೆ ನಕ್ಕ ನಗು.

ಮಕ್ಕಳ ವಿಷಯದಲ್ಲಿ ಗುಜರಾತಿನದ್ದೊಂದು ಅಧ್ಯಯನ ಇದೆ, ವೈಶಾಲಿ ರಾವಲ್ ತಂಡದ್ದು, 2007. ಅಲ್ಲಿನ ಮಕ್ಕಳು ಸಿಟ್ಟು, ದುಃಖವನ್ನು ಹಿಡಿದಿಟ್ಟುಕೊಳ್ತೀವಿ ಅಂದಷ್ಟು ಮೈನೋವನ್ನು ಹಿಡಿದಿಟ್ಟುಕೊಳ್ತೀವಿ ಅನ್ನಲಿಲ್ಲ.

ಧಾರವಾಡ_ಫೇಡಾ
ಮೈನೋವು ಅಂದ್ರ ಹೊಟ್ಟಿ ನೋವು! ಅಯ್ಯ, ನನಗ ಗೊತ್ತಿಲ್ಲೇನ್ರಿ ಅದು. ಪರೀಕ್ಷಾ ದಿನ, ಇಲ್ಲಾ ಅಪ್ಪ ಕುಡದು ಬಂದ ಮರುದಿನ, ಹೊಟ್ಟಿ ಹಿಡ್ಕೊಂಡು ಬರ್ತಿದ್ವು. ಅವಕ್ಕ ಸ್ವಲ್ಪ ಓಂಕಾಳ ನೀರು ಕೊಟ್ಟು ಬಾಜೂಕ ಕುಂಡರಿಸಿಕೋತಿದ್ದೆ. ಓಂಕಾಳು ನೆವಾ ಅಷ್ಟ.

ಉಡುಪಿ_ಬಸ್‌ಸ್ಟ್ಯಾಂಡ್
ಹಾಂಗ್‌ಕಾಂಗ್ ಎಲ್ಲ ಯಾಕೆ ಮಾರಾಯ್ರೆ, ನಮ್ಮ ಉಡುಪಿ ಕಡೆಯ ಕೋಟದಲ್ಲೇ ಮಾಡಿದ್ದು ಉಂಟಲ್ಲ. ಮಾರಿಸ್ ಕಾರ್ಸ್ಟೇರ್ಸ್ ಮತ್ತೆ ಆರ್. ಎಲ್. ಕಪೂರ್ ಅಂತ ಇಬ್ಬರು ಮನೋವೈದ್ಯರು, ಪುಸ್ತಕ ಬಂದದ್ದು 1976ರಲ್ಲಿ. ಬ್ರಾಹ್ಮಣರು, ಬಂಟರು, ಮೊಗವೀರರು ಎಲ್ಲರ ಮನೆಗೂ ಹೋಗಿ ಮನಸ್ಸಿನ ತೊಂದರೆ ಏನು ಅಂತ ಕೇಳಿದ್ದಾರೆ. ಜನ ಸಂಕಟ ಬಂದಾಗ ಎಲ್ಲಿಗೆ ಹೋಗ್ತಾರೆ ಅಂತಲೂ ನೋಡಿದ್ದಾರೆ. ಡಾಕ್ಟ್ರು ಮಾತ್ರ ಅಲ್ಲ, ನಾಟಿ ವೈದ್ಯರು, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ ಎಲ್ಲ ಆ ಲೆಕ್ಕದಲ್ಲಿ ಇದ್ರು. ಭಾವನೆ ಹೊರಗೆ ಹಾಕ್ಲಿಕ್ಕೆ ನಮ್ಮಲ್ಲಿ ಜಾಗವೇ ಇರ್ಲಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ. ದರ್ಶನದಲ್ಲಿ ನಿಂತವನ ಹತ್ರ ನಮ್ಮಜ್ಜಿ ಹೇಳಿಕೊಳ್ತಿದ್ದದ್ದನ್ನ ಮನೆಯಲ್ಲಿ ಯಾರ ಹತ್ರವೂ ಹೇಳ್ಲಿಲ್ಲ.

ನೈಟ್‌ಶಿಫ್ಟ್_ಗೂಬೆ
"ಅರ್ಥ ಬದಲಿಸಿಕೊಳ್ಳಿ" ಅನ್ನೋ ಮಾತು ಕೇಳಿದ್ರೇ ನನಗೆ ಉರಿಯುತ್ತೆ. ನಮ್ಮ ಕಂಪನಿಯಲ್ಲಿ ವರ್ಷಕ್ಕೆರಡು ಸಲ ಒತ್ತಡ ನಿರ್ವಹಣೆ ಕಾರ್ಯಾಗಾರ. ಹದಿನಾಲ್ಕು ಗಂಟೆ ಕೆಲಸ, ಅದರ ಮೇಲೆ "ಸವಾಲನ್ನು ಅವಕಾಶ ಅಂತ ನೋಡಿ" ಅಂತ ಪಾಠ. ಮ್ಯಾನೇಜರ್ ಕತ್ತೆ ಅಂದ್ರೆ ಕತ್ತೆನೇ, ನಾನು ಕುದುರೆ ಅಂತ ನೋಡಿದ್ರೆ ಒದೆಯೋದು ನಿಲ್ಲಿಸ್ತಾನಾ?

ಅರೆಮನಶ್ಶಾಸ್ತ್ರಿ
ಗೂಬೆಯವರೇ, ನೀವು ಉರಿದುಕೊಂಡಿದ್ದಕ್ಕೆ ಪುರಾವೆ ಇದೆ. ಆಲಿಸನ್ ಟ್ರಾಯ್ ಮತ್ತು ಐರಿಸ್ ಮಾಸ್ ತಂಡ, 2013. ಇತ್ತೀಚೆಗೆ ಒತ್ತಡ ಅನುಭವಿಸಿದ ಜನರನ್ನು ತಗೊಂಡು, ನೋಟ ಬದಲಿಸಿಕೊಳ್ಳುವ ಸಾಮರ್ಥ್ಯವನ್ನು ಅಳೆದರು. ಕೈಮೀರಿದ ಒತ್ತಡ ಇದ್ದವರಲ್ಲಿ ಆ ಸಾಮರ್ಥ್ಯ ಹೆಚ್ಚಿದ್ದಷ್ಟೂ ಖಿನ್ನತೆ ಕಮ್ಮಿ. ಆದರೆ ಬದಲಾಯಿಸಬಹುದಾದ ಒತ್ತಡ ಇದ್ದವರಲ್ಲಿ ತಿರುಗುಮುರುಗು, ಸಾಮರ್ಥ್ಯ ಹೆಚ್ಚಿದ್ದಷ್ಟೂ ಖಿನ್ನತೆ ಜಾಸ್ತಿ. ಚಾವಣಿ ಸೋರುತ್ತಿದ್ದರೆ ಹೆಂಚು ಸರಿಮಾಡಬೇಕು, ಮಳೆಹನಿಯ ಸದ್ದು ಎಷ್ಟು ಚೆಂದ ಅಂತ ಕೂತರೆ ಹಾಸಿಗೆ ನೆನೆಯುತ್ತೆ. ನನ್ನ ವೃತ್ತಿಯವರು ಕಂಪನಿಗಳಿಗೆ ಹೋಗಿ ಈ ಅರ್ಧ ಭಾಗವನ್ನ ಹೇಳದೆ ಬರ್ತಾರೆ ಅನ್ನೋದು ನನ್ನದೇ ಹಳೆಯ ಜಗಳ.

ಸಂಬಳಕ್ಕೆ ನಗುವ ಕೆಲಸದ ಬಗ್ಗೆ ಆರ್ಲಿ ಹಾಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ 1983ರಲ್ಲೇ ಬರೆದರು, ಗಗನಸಖಿಯರನ್ನು ನೋಡಿ. ಅದಕ್ಕೆ ಭಾವನೆಯ ದುಡಿಮೆ ಅಂತ ಹೆಸರು ಕೊಟ್ಟವರೇ ಅವರು. ದುಡಿಮೆ ಅಂದಮೇಲೆ ದಣಿವು ಇದ್ದೇ ಇರುತ್ತೆ.

ಅಂಕಿಸಂಖ್ಯೆ_ಆಸಾಮಿ
ಸ್ವಲ್ಪ ತಣ್ಣೀರು ಎರಚ್ತೀನಿ. ಈ ಕ್ಷೇತ್ರದ ಬಹುಪಾಲು ಪ್ರಬಂಧಗಳು ನಿಂತಿರೋದು ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ಮಾಡಿದ ಹತ್ತು ಪ್ರಶ್ನೆಯ ಹಾಳೆಯ ಮೇಲೆ. ಆರು ಪ್ರಶ್ನೆ ನೋಟ ಬದಲಿಸುವುದಕ್ಕೆ, ನಾಲ್ಕು ಅದುಮಿಡುವುದಕ್ಕೆ. "ನಾನು ನನ್ನ ಭಾವನೆಗಳನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ" ಅನ್ನೋ ಥರದ ಸಾಲಿಗೆ 1ರಿಂದ 7ರವರೆಗೆ ಅಂಕ ಕೊಡೋದು. ಕುಗ್ಗಿಹೋದವನು ಎಲ್ಲದಕ್ಕೂ ಕಪ್ಪು ಕನ್ನಡಕದಲ್ಲೇ ಅಂಕ ಕೊಡ್ತಾನೆ. ಅದುಮಿಟ್ಟಿದ್ದಕ್ಕೆ ಖಿನ್ನತೆ ಬಂತೋ, ಖಿನ್ನತೆ ಬಂದಿದ್ದಕ್ಕೆ ಬಾಯಿ ಕಟ್ಟಿತೋ, ಒಂದೇ ದಿನ ತುಂಬಿಸಿದ ಹಾಳೆಯಿಂದ ಹೇಗೆ ಹೇಳ್ತೀರಿ?

ಅರೆಮನಶ್ಶಾಸ್ತ್ರಿ
ಹೇಳಕ್ಕಾಗಲ್ಲ, ಒಪ್ಪಿದೆ. ಅದಕ್ಕೇ ಮೊದಲೇ ಅಳೆದು ಆಮೇಲೆ ಏನಾಯ್ತು ಅಂತ ನೋಡಿದ ಅಧ್ಯಯನಗಳಿಗೆ ಬೆಲೆ ಜಾಸ್ತಿ. ಅದೃಷ್ಟ, ಅಥವಾ ದುರದೃಷ್ಟ, ಕೂಡಿಬಂದ ಕಥೆ ಒಂದಿದೆ. ಸೂಸನ್ ನೋಲೆನ್-ಹಾಕ್ಸೆಮಾ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಮನಸ್ಥಿತಿಯನ್ನು ಅಳೆದಿಟ್ಟಿದ್ದರು. ಎರಡು ವಾರಕ್ಕೆ, 1989ರ ಅಕ್ಟೋಬರ್‌ನಲ್ಲಿ, ಆ ಭಾಗದಲ್ಲೇ ಲೋಮಾ ಪ್ರಿಯೆಟಾ ಭೂಕಂಪ ಆಯ್ತು. ಮತ್ತೆ ಅದೇ ಹುಡುಗರನ್ನು ಅಳೆದರು. ಭೂಕಂಪಕ್ಕೆ ಮೊದಲೇ ಮನಸ್ಸಿನಲ್ಲಿ ಅದದೇ ಮೆಲುಕು ಹಾಕುತ್ತಾ ಕೊರಗುವ ಸ್ವಭಾವ ಇದ್ದವರಲ್ಲಿ ಆಮೇಲೆ ಖಿನ್ನತೆಯ ಲಕ್ಷಣ ಹೆಚ್ಚಿದ್ದವು.

ಅವರೇ 2010ರಲ್ಲಿ ಅಮೇಲಿಯಾ ಅಲ್ಡಾವೊ ಜೊತೆ 114 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಮಾನಸಿಕ ತೊಂದರೆಗಳ ಜೊತೆ ಎಲ್ಲಕ್ಕಿಂತ ಗಟ್ಟಿ ನಂಟು ಕಂಡದ್ದು ಈ ಕೊರಗಿಗೆ. ಅದುಮಿಡುವುದು, ತಪ್ಪಿಸಿಕೊಳ್ಳುವುದು ಅದರ ಕೆಳಗೆ. ನಾವೆಲ್ಲ ಹೊಗಳುವ ನೋಟ ಬದಲಿಸುವ ವಿದ್ಯೆಯ ರಕ್ಷಣೆ ಅಂದುಕೊಂಡದ್ದಕ್ಕಿಂತ ಚಿಕ್ಕದು. ನುಂಗೋದೋ ಕಕ್ಕೋದೋ ಅಂತ ನಾವು ಜಗಳ ಆಡ್ತಾ ಇದ್ದೀವಿ, ನಿಜವಾದ ಕಳ್ಳ ರಾತ್ರಿ ಹನ್ನೆರಡಕ್ಕೆ ಫ್ಯಾನ್ ನೋಡ್ತಾ "ಅವನು ಹಾಗಂದಾಗ ನಾನು ಹೀಗನ್ನಬೇಕಿತ್ತು" ಅನ್ನೋನು.

ಕೌಂಟರ್_ನಂ_3
ಆ ಕಳ್ಳ ನಮ್ಮನೇಲೇ ಇದ್ದಾನೆ. ದಿನಾ ಬರ್ತಾನೆ.

ಸುಮ್ನೆ_ಓದುವವಳು
ನಾನು ಇಲ್ಲಿ ಬರೆಯೋದು ಇದೇ ಮೊದಲು. ನನಗೆ ಏನಾಗ್ತಿದೆ ಅಂತ ಯಾರಾದ್ರೂ ಕೇಳಿದ್ರೆ "ಬೇಜಾರು" ಅಂತೀನಿ. ಗಂಡ "ಸಿನಿಮಾಕ್ಕೆ ಹೋಗೋಣ್ವಾ" ಅಂತಾರೆ. ಆ ಬೇಜಾರಲ್ಲ. ಯಾವ ಬೇಜಾರು ಅಂತ ನನಗೂ ಹೇಳಕ್ಕೆ ಬರಲ್ಲ.

ಅರೆಮನಶ್ಶಾಸ್ತ್ರಿ
ಬರೆದಿದ್ದು ಒಳ್ಳೇದಾಯ್ತು. ನಮ್ಮ "ಬೇಜಾರು" ದೊಡ್ಡ ಮೂಟೆ. ಹೊತ್ತು ಹೋಗದಿದ್ದರೂ ಬೇಜಾರು, ಯಾರೋ ಚುಚ್ಚಿದರೂ ಬೇಜಾರು, ಸತ್ತ ಮನೆಯಲ್ಲೂ ಬೇಜಾರು. ಮೂಟೆ ಬಿಚ್ಚಿದರೆ ಒಳಗೆ ಕಸಿವಿಸಿ, ಮುನಿಸು, ಸಂಕಟ, ಅಳುಕು, ದಿಗಿಲು, ಮುಜುಗರ, ಪಿಚ್ಚೆನ್ನುವುದು, ಎಲ್ಲ ಬೇರೆಬೇರೆ ಇರುತ್ತವೆ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2001ರಲ್ಲಿ ಎರಡು ವಾರ ಜನರ ಕೈಲಿ ದಿನಚರಿ ಬರೆಸಿದರು. ಕೆಟ್ಟ ಭಾವನೆಗಳನ್ನು ಒಂದರಿಂದ ಒಂದು ಬಿಡಿಸಿ ಗುರುತಿಸುವವರು, ಆ ಭಾವನೆ ತೀವ್ರವಾದಾಗಲೂ ಅದನ್ನು ಸಂಭಾಳಿಸಲು ಹೆಚ್ಚು ದಾರಿ ಬಳಸುತ್ತಿದ್ದರು.

2012ರಲ್ಲಿ ಕಟರಿನಾ ಕಿರ್ಕಾನ್ಸ್ಕಿ ತಂಡ ಜೇಡಕ್ಕೆ ಹೆದರುವ 88 ಜನರನ್ನು ದೊಡ್ಡ ಜೇಡದ ಮುಂದೆ ನಿಲ್ಲಿಸಿತು. ಕೆಲವರಿಗೆ ತಮ್ಮ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲು ಹೇಳಿದರು, ಕೆಲವರಿಗೆ "ಇದು ಏನೂ ಮಾಡಲ್ಲ" ಎಂದು ಸಮಾಧಾನ ಹೇಳಿಕೊಳ್ಳಲು. ವಾರ ಬಿಟ್ಟು ನೋಡಿದರೆ, ಹೆದರಿಕೆಗೆ ಹೆಸರಿಟ್ಟವರ ಮೈಯ ಗಾಬರಿ ಹೆಚ್ಚು ಇಳಿದಿತ್ತು.

ಒಂದು ಪ್ರಶ್ನೆ ಕೇಳಲಾ ನಿಮ್ಮನ್ನ? ಇದು ಎಷ್ಟು ದಿನದಿಂದ? ನಿದ್ದೆ, ಊಟ ಹೇಗಿದೆ?

ಸುಮ್ನೆ_ಓದುವವಳು
ಎರಡು ತಿಂಗಳಾಯ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತೆ, ಆಮೇಲೆ ನಿದ್ದೆ ಇಲ್ಲ. ರುಚಿ ಇಲ್ಲ. ಯಾಕಾದ್ರೂ ಎದ್ದೆನೋ ಅನಿಸುತ್ತೆ ಕೆಲವು ದಿನ.

ಅರೆಮನಶ್ಶಾಸ್ತ್ರಿ
ಹಾಗಾದ್ರೆ ಇದು ಇಲ್ಲಿ ಮಾತಾಡಿ ಮುಗಿಸೋ ವಿಷಯ ಅಲ್ಲ, ಒಬ್ಬ ಡಾಕ್ಟರನ್ನ ನೋಡಲೇಬೇಕು. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಬಹುದು. ಅದಕ್ಕೂ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲುರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಬದುಕೋದೇ ಬೇಡ ಅನ್ನೋ ಯೋಚನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಗಂಡನನ್ನ ಎಬ್ಬಿಸಿ. ನಿಮಗೆ ಖಾಸಗಿ ಮೆಸೇಜ್ ಹಾಕಿದ್ದೀನಿ.

ಸುಮ್ನೆ_ಓದುವವಳು
ನೋಡಿದೆ. ಉತ್ತರ ಬರೀತೀನಿ.

ನೈಟ್‌ಶಿಫ್ಟ್_ಗೂಬೆ
ನಾನೂ ಎರಡು ವರ್ಷದ ಹಿಂದೆ ಮಾತ್ರೆ ತಗೊಂಡಿದ್ದೆ ರೀ, ಎಂಟು ತಿಂಗಳು. ಯಾರಿಗೂ ಹೇಳಿರಲಿಲ್ಲ, ಈಗ ಇಲ್ಲಿ ಹೇಳ್ತಿದ್ದೀನಿ. ಹೋಗಿ ಬನ್ನಿ.

ಜಿಮ್_ಬಸ್ಯಾ
ಒಂದು ಡೌಟು. ಸಿಟ್ಟು ನೆತ್ತಿಗೇರಿದಾಗ ಅರ್ಥ ಬದಲಿಸಿಕೊಳ್ಳೋಷ್ಟು ತಲೆ ಓಡುತ್ತಾ? ನನಗಂತೂ ಕಣ್ಣು ಕತ್ತಲೆ.

ಅರೆಮನಶ್ಶಾಸ್ತ್ರಿ
ಓಡಲ್ಲ, ಜನ ತಾವಾಗಿ ಓಡಿಸೋದೂ ಇಲ್ಲ. ಗಲ್ ಶೆಪ್ಪೆಸ್ 2011ರಲ್ಲಿ ತೋರಿಸಿದ್ದು ಅದನ್ನೇ. ಭಾವನೆ ಸಣ್ಣದಿದ್ದಾಗ ಜನ ಅರ್ಥ ಬದಲಿಸಿಕೊಳ್ಳುವುದನ್ನು ಆರಿಸಿಕೊಂಡರು, ಜೋರಾಗಿದ್ದಾಗ ಗಮನ ಬೇರೆ ಕಡೆ ತಿರುಗಿಸುವುದನ್ನು. ಸಿಟ್ಟು ಬಂದಾಗ ಜಾಗ ಬಿಟ್ಟು ಏಳು, ನೀರು ಕುಡಿ, ಎಣಿಸು ಅಂತ ಅಜ್ಜಿಯರು ಹೇಳಿದ್ದು ಆ ಗಳಿಗೆಗೆ ಸರಿ. ಅದನ್ನೇ ವಾರಗಟ್ಟಲೆ ಮಾಡಿದರೆ ಮಾತ್ರ ತಪ್ಪಿಸಿಕೊಂಡು ಓಡಾಡಿದಂತೆ.

ಜಾರ್ಜ್ ಬೊನ್ಯಾನೊ ಇನ್ನೂ ಮುಂದೆ ಹೋಗ್ತಾನೆ. 2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕಿನ ಕಾಲೇಜು ವಿದ್ಯಾರ್ಥಿಗಳನ್ನು ಅಳೆದು, ಎರಡನೇ ವರ್ಷದ ಕೊನೆಗೆ ಮತ್ತೆ ನೋಡಿದ. ಬೇಕೆಂದಾಗ ಭಾವನೆಯನ್ನು ಎತ್ತಿ ತೋರಿಸಲೂ ಬೇಕೆಂದಾಗ ಅದುಮಿಡಲೂ, ಎರಡೂ ಬರುತ್ತಿದ್ದವರಿಗೆ ಸಂಕಟ ಕಮ್ಮಿ ಇತ್ತು. ಅದುಮಿಡುವ ವಿದ್ಯೆಯೂ ವಿದ್ಯೆಯೇ, ಅದೊಂದೇ ಬರೋದು ಕಷ್ಟ.

ಕೌಂಟರ್_ನಂ_3
ಹನ್ನೆರಡು ದಿನ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ.

ಅತ್ತೆನ ಕೇಳಿದೆ ಟೀಚರ್. "ನೀವು ನುಂಗ್ತಿದ್ರಾ, ಹೊಟ್ಟೆಗೆ ಹಾಕ್ಕೊಳ್ತಿದ್ರಾ?" ಅಂತ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೊದಲ ಹತ್ತು ವರ್ಷ ನುಂಗಿದ್ದೆ, ಅದಕ್ಕೇ ನಿನ್ನ ಗಂಡನಿಗೆ ಚಿಕ್ಕವನಿದ್ದಾಗ ಬಾರಿಸ್ತಿದ್ದೆ" ಅಂದರು. ಹೀಗೆ ನಾವಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ.

ಆಸ್ಪತ್ರೆಯಲ್ಲಿ ಇನ್‌ಚಾರ್ಜ್‌ಗೆ ಬರೆದು ಕೊಟ್ಟೆ, ದಿನಾ ಸಂಜೆ ಅವತ್ತಿನವರೆಗಿನ ಬಿಲ್ ಮೊತ್ತ ರೋಗಿ ಕಡೆಯವರಿಗೆ ಮೆಸೇಜ್ ಹೋಗಲಿ ಅಂತ. ನೋಡೋಣ ಅಂದಿದ್ದಾರೆ. ಅಂದರೆ ಆಗಲ್ಲ ಅಂತಲೂ ಇರಬಹುದು. ಇನ್ನೊಂದು ಮಾಡ್ಕೊಂಡಿದ್ದೀನಿ, ಡ್ಯೂಟಿ ಮುಗಿದ ತಕ್ಷಣ ಮನೆಗೆ ಹೋಗಲ್ಲ. ಜೊತೆಯವಳನ್ನ ಕರ್ಕೊಂಡು ಮಂಡಕ್ಕಿ ಮೆಣಸಿನಕಾಯಿ ಅಂಗಡಿ, ಹದಿನೈದು ನಿಮಿಷ. ಅಲ್ಲಿ ಕೌಂಟರ್ ಮಾತು ಎತ್ತಬಾರದು ಅಂತ ರೂಲ್ ಮಾಡಿದ್ದೀವಿ, ಎತ್ತಿದವಳು ದುಡ್ಡು ಕೊಡಬೇಕು. ಈ ವಾರ ಮೂರು ಸಲ ನಾನೇ ಕೊಟ್ಟೆ.

ಮಗನ ಹತ್ರ ಸಾರಿ ಕೇಳಿದೆ. "ಅವತ್ತು ಬಂದಿದ್ದು ನಿನ್ನ ಮೇಲಿನ ಸಿಟ್ಟಲ್ಲ" ಅಂದೆ. "ಮತ್ತೆ ಯಾರ ಮೇಲಿಂದು?" ಅಂದ. ಫೈಲ್ ಕಥೆ ಹೇಳಿದೆ. "ಅವರ ಬಾಟಲಿನೂ ಕಳೆದುಹೋಗಿತ್ತಾ?" ಅಂತ ಕೇಳಿದ.

ನಿನ್ನೆ ನಾಲ್ಕನೇದೂ ಕಳಕೊಂಡು ಬಂದಿದ್ದಾನೆ. ಸ್ಟೀಲಿಂದು.

ಜಿಮ್_ಬಸ್ಯಾ
ಅಕ್ಕ, ಪಾತ್ರೆ ಅಂಗಡೀಲಿ ಹೆಸರು ಹೊಡೆಸಿ ಕೊಡಿ. ನಮ್ಮಮ್ಮನ ಒಂದು ಲೋಟನೂ ಇವತ್ತಿನವರೆಗೆ ಯಾರ ಮನೇಲೂ ಉಳಿದಿಲ್ಲ.

ಧಾರವಾಡ_ಫೇಡಾ
ಹೆಸರಷ್ಟ ಸಾಲಂಗಿಲ್ಲ. ಇಯತ್ತೆ, ತುಕಡಿನೂ ಹಾಕ್ಸ್ರಿ.